ವರ್ಗ ಸಂಖ್ಯೆಯಿಂದ ಎಷ್ಟು ದೂರ ಓಡಬಹುದು? ಒಂದು ಗಣಿತದ ಪ್ರಶ್ನೆ, ಐವತ್ತು ವರ್ಷದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ನಿಂತು ಕೇಳ್ತಿದ್ದೀರೋ, ರಾತ್ರಿ ದೀಪ ಆರಿಸಿ ಇಯರ್‌ಫೋನ್ ಹಾಕ್ಕೊಂಡಿದ್ದೀರೋ ಗೊತ್ತಿಲ್ಲ. ಎಲ್ಲೇ ಇರಿ, ಇವತ್ತಿನ ಕಥೆಗೆ ಪೆನ್ನು ಪೇಪರ್ ಬೇಕಿಲ್ಲ. ಮಗ್ಗಿ ಸ್ವಲ್ಪ ನೆನಪಿದ್ರೆ ಸಾಕು.

ಒಂದು ಆಟದಿಂದ ಶುರು ಮಾಡ್ತೀನಿ. ಒಂದು ಹಿಡಿ ಹುಣಸೆಬೀಜ ನೆಲದ ಮೇಲೆ ಹಾಕಿ. ಇಬ್ಬರು ಆಟಗಾರರು. ಸರದಿ ಬಂದಾಗ ಬೀಜ ತೆಗೀಬೇಕು, ಆದ್ರೆ ಬೇಕಾದಷ್ಟು ತೆಗೆಯೋ ಹಾಗಿಲ್ಲ. 1, 4, 9, 16, 25, ಹೀಗೆ ವರ್ಗ ಸಂಖ್ಯೆಯಷ್ಟೇ ತೆಗೀಬೇಕು. ಒಂದೊಂದ್ಲ ಒಂದು, ಎರಡೆರಡ್ಲ ನಾಕು, ಮೂರ್ಮೂರ್ಲ ಒಂಬತ್ತು, ಅಷ್ಟೇ. ಕೊನೆಯ ಬೀಜ ಯಾರು ಎತ್ತುತ್ತಾರೋ ಅವರು ಗೆದ್ದ ಹಾಗೆ.

ನೆಲದ ಮೇಲೆ 2 ಬೀಜ ಇದೆ, ಸರದಿ ನಿಮ್ಮದು ಅಂದ್ಕೊಳ್ಳಿ. ಒಂದು ತೆಗೀಲೇಬೇಕು, ಉಳಿದದ್ದನ್ನ ನಾನು ಎತ್ತಿಬಿಡ್ತೀನಿ. ನೀವು ಸೋತ್ರಿ. 5 ಬೀಜ ಇದ್ರೆ? ಒಂದು ತೆಗೆದ್ರೆ ನನಗೆ 4 ಸಿಗುತ್ತೆ, ಪೂರ್ತಿ ಬಾಚ್ಕೊಳ್ತೀನಿ. ನಾಕು ತೆಗೆದ್ರೆ 1 ಉಳಿಯುತ್ತೆ, ಅದೂ ನಂದೇ. ಮತ್ತೆ ಸೋತ್ರಿ. ಸೋಲಿನ ಸಂಖ್ಯೆಗಳನ್ನ ಹೀಗೇ ಲೆಕ್ಕ ಹಾಕುತ್ತಾ ಹೋದ್ರೆ ಒಂದು ಪಟ್ಟಿ ಸಿಗುತ್ತೆ: 0, 2, 5, 7, 10, 12, 15, 17, 20, 22.

ಅಮೆರಿಕದ ಗಣಿತಜ್ಞ ಸೊಲೊಮನ್ ಗೊಲಾಂಬ್ 1966ರಲ್ಲಿ ಇಂಥ 'ತೆಗೆಯುವ ಆಟ'ಗಳ ಬಗ್ಗೆ ಒಂದು ಗಂಭೀರ ಪ್ರಬಂಧವನ್ನೇ ಬರೆದರು. ಆಟ ಅಂತ ಹಗುರ ಮಾಡೋ ಹಾಗಿಲ್ಲ. ಯಾಕಂದ್ರೆ ಆ ಪಟ್ಟಿಯಲ್ಲಿ ಒಂದು ಗುಟ್ಟಿದೆ. ಅದರಿಂದ ಯಾವ ಎರಡು ಸಂಖ್ಯೆ ಎತ್ತಿಕೊಂಡು ಕಳೆದರೂ ಉತ್ತರ ವರ್ಗ ಸಂಖ್ಯೆ ಬರೋದೇ ಇಲ್ಲ. 22ರಲ್ಲಿ 5 ಕಳೆಯಿರಿ, 17. 20ರಲ್ಲಿ 7 ಕಳೆಯಿರಿ, 13. 15ರಲ್ಲಿ 10 ಕಳೆಯಿರಿ, 5. ಕಾರಣ ಸರಳ: ಒಂದು ಸೋಲಿನ ಸಂಖ್ಯೆಯಿಂದ ಇನ್ನೊಂದು ಸೋಲಿನ ಸಂಖ್ಯೆಗೆ ಒಂದೇ ಏಟಿಗೆ ಹೋಗೋಕಾದ್ರೆ, ನೀವು ಆ ಸೋಲನ್ನ ನನ್ನ ತಲೆಗೆ ಕಟ್ಟಿ ಗೆದ್ದುಬಿಡ್ತಿದ್ರಿ.

25 ಅಡ್ಡ ಬಂತು

ಈಗ ಪಟ್ಟಿಯ ನಡಿಗೆ ಗಮನಿಸಿ. ಎರಡು ಹೆಜ್ಜೆ, ಮೂರು ಹೆಜ್ಜೆ. ಮತ್ತೆ ಎರಡು, ಮತ್ತೆ ಮೂರು. ತಾಳ ಹಾಕಿದ ಹಾಗಿದೆ. ಹಾಗಾದ್ರೆ 22 ಆದ ಮೇಲೆ 25 ಬರಬೇಕಲ್ವಾ?

ಬರಲ್ಲ. 25ರಲ್ಲಿ 0 ಕಳೆದ್ರೆ 25, ಅದು ಐದರ ವರ್ಗ. ಸರಿ, 27? ಅದರಲ್ಲಿ 2 ಕಳೆದ್ರೆ ಮತ್ತೆ 25. 30ರಲ್ಲಿ 5 ಕಳೆದ್ರೂ 25, 32ರಲ್ಲಿ 7 ಕಳೆದ್ರೂ 25. ಇಷ್ಟು ಹೊತ್ತು ಸಲೀಸಾಗಿ ನಡೀತಿದ್ದ ತಾಳ ಒಮ್ಮೆಗೇ ತಪ್ಪಿತು. ಮುಂದಿನ ಸಂಖ್ಯೆ ಸಿಗೋದು 34ರಲ್ಲಿ. ಆಮೇಲೆ 39, 44, 52, 57, 62, 65, 67, 72, 85, 95. ನೂರರೊಳಗೆ ಒಟ್ಟು 21. ಅಂಗಡಿಯಲ್ಲಿ ಸಾಮಾನು ಖಾಲಿಯಾಗ್ತಾ ಬಂದ ಹಾಗೆ ಕಪಾಟು ಬರಿದಾಗ್ತಾ ಹೋಗುತ್ತೆ.

ಈ ಪಟ್ಟಿಯಲ್ಲಿ ನಾವು ಕೈಗೆ ಸಿಕ್ಕ ಮೊದಲ ಸಂಖ್ಯೆಯನ್ನೇ ಹಾಕ್ಕೊಂಡ್ವಿ. ಇದಕ್ಕಿಂತ ಜಾಣತನದಿಂದ ಆರಿಸಿದ್ರೆ? ವರ್ಗ ಸಂಖ್ಯೆಯ ವ್ಯತ್ಯಾಸ ಎಲ್ಲೂ ಬಾರದ ಹಾಗೆ, ಹತ್ತಕ್ಕೊಂದು ಸಂಖ್ಯೆಯನ್ನಾದ್ರೂ ಕೊನೆವರೆಗೂ ಉಳಿಸಿಕೊಳ್ಳಬಹುದಾ? ಅದೂ ಬೇಡ, ನೂರಕ್ಕೊಂದು? ಕೋಟಿಗೊಂದು?

ಈ ಪ್ರಶ್ನೆಯ ಬೆನ್ನು ಹತ್ತಿದವರು ಹಂಗೆರಿಯ ಲಾಸ್ಲೋ ಲೊವಾಸ್. 1948ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದವರು, ಮುಂದೆ 2021ರಲ್ಲಿ ಅಬೆಲ್ ಪ್ರಶಸ್ತಿ ಹಂಚಿಕೊಂಡವರು. ಆದ್ರೆ ಈ ಊಹೆ ಅವರ ಎಳೆಯ ವಯಸ್ಸಿನದು, ಮೂವತ್ತು ತುಂಬೋಕೂ ಮುಂಚಿನದು. ಅವರು ಹೇಳಿದ್ದು ಇಷ್ಟು: ಆಗಲ್ಲ. ಯಾವುದೇ ನಿಗದಿತ ಪಾಲು ತಗೊಳ್ಳಿ, ಕೋಟಿಗೊಂದೇ ಇರಲಿ. ಸಂಖ್ಯೆಗಳ ಸಾಲು ಸಾಕಷ್ಟು ಉದ್ದವಾದ್ರೆ, ಅಷ್ಟು ಪಾಲು ಸಂಖ್ಯೆಗಳಿರೋ ಪಟ್ಟಿಯಲ್ಲಿ ಎಲ್ಲೋ ಎರಡು ಸಂಖ್ಯೆಗಳ ನಡುವೆ ವರ್ಗ ಸಂಖ್ಯೆ ಬಂದು ಕೂತೇ ಕೂರುತ್ತೆ.

ಮೂರು, ನಾಕು, ಐದು

ಇದರ ಒಂದು ತುಂಡನ್ನ ನಾವೇ, ಇಲ್ಲೇ, ಸಾಬೀತು ಮಾಡಬಹುದು. ಹೈಸ್ಕೂಲಿನ ಪೈಥಾಗೊರಸ್ ನೆನಪಿದೆಯಾ? 9 ಕೂಡಿಸು 16, ಅಂದ್ರೆ 25. ಹಾಗಾಗಿ 0, 9, 25 ಈ ಮೂರು ಸಂಖ್ಯೆ ನೋಡಿ. ಯಾವ ಎರಡನ್ನ ಕಳೆದರೂ ವರ್ಗ ಸಂಖ್ಯೆಯೇ: 9, 25, ಮತ್ತೆ 16.

ಈಗ ನಿಮ್ಮ ಪಟ್ಟಿಯನ್ನ ಮೂರು ಕಾಪಿ ಮಾಡಿ. ಒಂದು ಇದ್ದಲ್ಲೇ ಇರಲಿ. ಇನ್ನೊಂದನ್ನ 9 ಮನೆ ಮುಂದಕ್ಕೆ ತಳ್ಳಿ. ಮೂರನೆಯದನ್ನ 25 ಮನೆ ಮುಂದಕ್ಕೆ. ಎರಡು ಕಾಪಿಗಳು ಎಲ್ಲಾದ್ರೂ ಒಂದೇ ಮನೆಯಲ್ಲಿ ಡಿಕ್ಕಿ ಹೊಡೆದ್ರೆ, ಮೂಲ ಪಟ್ಟಿಯಲ್ಲಿ 9 ಅಥವಾ 16 ಅಥವಾ 25 ಅಂತರದ ಎರಡು ಸಂಖ್ಯೆ ಇವೆ ಅಂತ ಅರ್ಥ. ಡಿಕ್ಕಿ ತಪ್ಪಿಸಬೇಕಂದ್ರೆ ಮೂರೂ ಕಾಪಿಗಳು ಬೇರೆ ಬೇರೆ ಮನೆಗಳಲ್ಲೇ ಇರಬೇಕು. ಒಂದೇ ಸಾಲಿನಲ್ಲಿ ಮೂರು ಕಾಪಿ ಹಿಡಿಸಬೇಕಂದ್ರೆ ಒಂದೊಂದರ ಪಾಲು ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಇರೋ ಹಾಗಿಲ್ಲ. ಮುಗೀತು, ಸಾಬೀತಾಯ್ತು!

ನಮ್ಮ ಹುಣಸೆಬೀಜದ ತಾಳ ಯಾಕೆ ತಪ್ಪಿತು ಅನ್ನೋದೂ ಈಗ ಗೊತ್ತಾಯ್ತು. ಎರಡು ಹೆಜ್ಜೆ ಮೂರು ಹೆಜ್ಜೆ ಅಂದ್ರೆ ಐದರಲ್ಲಿ ಎರಡು, ಶೇಕಡ 40. ಮೂರರಲ್ಲಿ ಒಂದು ಅಂದ್ರೆ ಶೇಕಡ 33 ಚಿಲ್ಲರೆ. ಆ ನಡಿಗೆ ಶಾಶ್ವತವಾಗಿ ಸಾಗೋದು ಮೊದಲಿಂದಲೂ ಸಾಧ್ಯವಿರಲಿಲ್ಲ.

ಇನ್ನೂ ಒಂದು ಹೆಜ್ಜೆ ಹೋಗಬಹುದು. 153, 185, 697 ಈ ಮೂರರ ವರ್ಗಗಳನ್ನ ತಗೊಳ್ಳಿ: 23,409, 34,225 ಮತ್ತು 4,85,809. ಇವುಗಳ ಜತೆ 0 ಸೇರಿಸಿ. ಆ ನಾಕರಲ್ಲಿ ಯಾವ ಎರಡನ್ನ ಕಳೆದರೂ ವರ್ಗವೇ ಬರುತ್ತೆ. ಕ್ಯಾಲ್ಕುಲೇಟರ್‌ನಲ್ಲಿ ಬೇಕಾದ್ರೆ ಪರೀಕ್ಷಿಸಿ: ಉತ್ತರಗಳ ವರ್ಗಮೂಲ 104, 672, 680 ಬರುತ್ತೆ. ಇದರಿಂದ ಮಿತಿ ನಾಕರಲ್ಲಿ ಒಂದಕ್ಕೆ ಇಳೀತು. ಆದ್ರೆ ಕಷ್ಟ ಗೊತ್ತಾಯ್ತಲ್ಲ? ಮೂರರಿಂದ ನಾಕಕ್ಕೆ ಹೋಗೋಕೇ ಸಂಖ್ಯೆಗಳು ಇಷ್ಟು ದಪ್ಪ ಆದ್ವು. ಕೋಟಿಗೊಂದು ಅನ್ನೋ ಪಾಲಿಗೆ ಈ ದಾರಿಯಲ್ಲಿ ಹೋಗೋಕಾಗಲ್ಲ. ಹೊಸ ದಾರಿ ಬೇಕಿತ್ತು.

ಸಿಕ್ಕಿದ್ದು ಎರಡು ದಾರಿ, ಹೆಚ್ಚೂಕಮ್ಮಿ ಒಂದೇ ಹೊತ್ತಿಗೆ. ಒಂದು ಬುಡಾಪೆಸ್ಟ್‌ನಿಂದ, ಇನ್ನೊಂದು ಜೆರುಸಲೇಮ್‌ನಿಂದ.

ಬುಡಾಪೆಸ್ಟ್‌ನ ದಾರಿ: ಜೂಮ್ ಮಾಡಿ ನೋಡು

ಅಂದ್ರಾಸ್ ಶಾರ್ಕೋಜಿ. ಹೆಸರು ನಮ್ಮಲ್ಲಿ ಅಷ್ಟು ಕೇಳಿಬರೋದಲ್ಲ. ಆದ್ರೆ ಊರೂರು ಅಲೆದು ನೂರಾರು ಜನರ ಜತೆ ಪ್ರಬಂಧ ಬರೆದ ಪಾಲ್ ಎರ್ಡಿಶ್ ಹೆಸರು ನೀವು ಕೇಳಿರಬಹುದು. ಆ ಎರ್ಡಿಶ್ ಜತೆ ಅತಿ ಹೆಚ್ಚು ಪ್ರಬಂಧ ಬರೆದವರು ಇದೇ ಶಾರ್ಕೋಜಿ, ಅರವತ್ತಕ್ಕೂ ಹೆಚ್ಚು. 1978ರಲ್ಲಿ ಅವರು ಲೊವಾಸ್ ಊಹೆ ನಿಜ ಅಂತ ಸಾಬೀತು ಮಾಡಿದ ಪ್ರಬಂಧ ಅಚ್ಚಾಯ್ತು.

ಅವರು ಹಿಡಿದ ಆಯುಧ 'ವೃತ್ತ ವಿಧಾನ'. ಇಲ್ಲಿ ನಮ್ಮ ದೇಶದ ಒಂದು ಎಳೆ ಬರುತ್ತೆ. ಮದ್ರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ರಾಮಾನುಜನ್ ಕೇಂಬ್ರಿಡ್ಜ್‌ಗೆ ಹೋದ ಮೇಲೆ, 1918ರಲ್ಲಿ ಹಾರ್ಡಿ ಜತೆ ಸೇರಿ ಒಂದು ಪ್ರಬಂಧ ಪ್ರಕಟಿಸಿದರು. ಒಂದು ಸಂಖ್ಯೆಯನ್ನ ಎಷ್ಟು ಬಗೆಯಲ್ಲಿ ಚಿಕ್ಕ ಸಂಖ್ಯೆಗಳ ಮೊತ್ತವಾಗಿ ಒಡೀಬಹುದು ಅನ್ನೋ ಲೆಕ್ಕ ಅದು. ವೃತ್ತ ವಿಧಾನ ಹುಟ್ಟಿದ್ದು ಅಲ್ಲಿ. ಹಾರ್ಡಿ ಮತ್ತು ಲಿಟಲ್‌ವುಡ್ ಅದನ್ನ ಬೆಳೆಸಿದರು. 1953ರಲ್ಲಿ ಕ್ಲೌಸ್ ರಾತ್ ಅದನ್ನೇ ಹಿಡಿದು, ಸಾಂದ್ರವಾದ ಯಾವ ಪಟ್ಟಿಯಲ್ಲೂ ಸಮಾನ ಅಂತರದ ಮೂರು ಸಂಖ್ಯೆ ಇದ್ದೇ ಇರುತ್ತೆ ಅಂತ ತೋರಿಸಿದರು. ಶಾರ್ಕೋಜಿ ರಾತ್‌ರ ಹಾದಿಯಲ್ಲೇ ನಡೆದು ವರ್ಗಗಳ ಹತ್ತಿರ ಬಂದರು.

ಈ ವಿಧಾನ ಸಂಖ್ಯೆಗಳ ಪಟ್ಟಿಯನ್ನ ಒಂದು ಸಂಗೀತದ ಹಾಗೆ ಕೇಳಿಸಿಕೊಳ್ಳುತ್ತೆ. ಯಾವ ತಾಳ ಜೋರಾಗಿದೆ, ಯಾವುದು ಮೆಲ್ಲಗಿದೆ ಅಂತ ಅಳೆಯುತ್ತೆ. ಶಾರ್ಕೋಜಿ ವಾದದ ತಿರುಳು ಇದು: ನಿಮ್ಮ ಪಟ್ಟಿ ವರ್ಗಗಳನ್ನ ತಪ್ಪಿಸುತ್ತಿದೆ ಅಂದ್ರೆ ಅದು ಮನಸ್ಸಿಗೆ ಬಂದ ಹಾಗೆ ಚೆಲ್ಲಿದ ಪಟ್ಟಿ ಆಗಿರೋಕೆ ಸಾಧ್ಯವಿಲ್ಲ. ಅದರೊಳಗೆ ಒಂದು ತಾಳ ಅಡಗಿರುತ್ತೆ. ಅಂದ್ರೆ ಎಲ್ಲೋ ಒಂದು ಸಮಾನ ಅಂತರದ ಸಾಲಿನ ಮೇಲೆ ಪಟ್ಟಿಯ ಸಂಖ್ಯೆಗಳು ಮಾಮೂಲಿಗಿಂತ ಹೆಚ್ಚು ಗುಂಪು ಕೂಡಿರುತ್ತವೆ.

ಆ ಸಾಲಿಗೆ ಜೂಮ್ ಮಾಡಿ, ಫೋನಿನಲ್ಲಿ ಮ್ಯಾಪ್ ಎಳೆದು ದೊಡ್ಡದು ಮಾಡ್ತೀವಲ್ಲ, ಹಾಗೆ. ಆ ಸಾಲಿನ ಅಂತರವನ್ನ ವರ್ಗ ಸಂಖ್ಯೆಯಾಗಿಯೇ ಆರಿಸ್ಕೋಬಹುದು, ಉದಾಹರಣೆಗೆ 25 ಅನ್ನಿ. 3, 28, 53, 78 ಅನ್ನೋ ಸಾಲಿಗೆ 0, 1, 2, 3 ಅಂತ ಹೊಸ ನಂಬರ್ ಕೊಡಿ. ಹೊಸ ನಂಬರಿನಲ್ಲಿ ಅಂತರ 4 ಇದ್ರೆ ನಿಜವಾದ ಅಂತರ 25 ಗುಣಿಸು 4, ಅಂದ್ರೆ 100, ಅದೂ ವರ್ಗವೇ. ವರ್ಗಕ್ಕೆ ವರ್ಗ ಗುಣಿಸಿದ್ರೆ ವರ್ಗ. ಆದ್ದರಿಂದ ದೊಡ್ಡ ಪಟ್ಟಿ ವರ್ಗಗಳನ್ನ ತಪ್ಪಿಸಿದ್ರೆ ಜೂಮ್ ಮಾಡಿದ ಪಟ್ಟಿಯೂ ತಪ್ಪಿಸಲೇಬೇಕು. ಆದ್ರೆ ಈಗ ಅದು ಮುಂಚೆಗಿಂತ ಒತ್ತೊತ್ತಾಗಿದೆ. ಮತ್ತೆ ಜೂಮ್ ಮಾಡಿ, ಇನ್ನೂ ಒತ್ತಾಗುತ್ತೆ. ಮತ್ತೆ, ಮತ್ತೆ. ಹತ್ತು ಸೀಟಿಗೆ ಹನ್ನೊಂದು ಜನ ಕೂರೋಕಾಗಲ್ಲ. ಪಾಲು ನೂರಕ್ಕೆ ನೂರು ದಾಟೋ ಹಂತ ಬಂದ ಕೂಡಲೇ ಇಡೀ ಕಟ್ಟಡ ಕುಸಿಯುತ್ತೆ. ಅಂಥ ಪಟ್ಟಿ ಇರೋದಕ್ಕೇ ಸಾಧ್ಯವಿರಲಿಲ್ಲ ಅಂತಾಯ್ತು.

ಜೆರುಸಲೇಮ್‌ನ ದಾರಿ: ಮನೆಗೆ ಮರಳೋ ಹೊತ್ತು

ಇನ್ನೊಂದು ದಾರಿ ಹಿಡಿದವರು ಹಿಲ್ಲೆಲ್ ಫರ್ಸ್ಟೆನ್‌ಬರ್ಗ್. 1935ರಲ್ಲಿ ಬರ್ಲಿನ್‌ನಲ್ಲಿ ಒಂದು ಯಹೂದಿ ಮನೆಯಲ್ಲಿ ಹುಟ್ಟಿದರು. ಹಿಟ್ಲರನ ಜರ್ಮನಿ ಅದು. 1938ರ ನವೆಂಬರ್‌ನಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳನ್ನ ಒಡೆದು ಸುಟ್ಟ ರಾತ್ರಿಯಾದ ಕೆಲವೇ ತಿಂಗಳಲ್ಲಿ ಆ ಕುಟುಂಬ ದೇಶ ಬಿಟ್ಟಿತು. ಹುಡುಗ ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಇನ್ನೂ ಪದವಿ ಓದುತ್ತಿದ್ದಾಗಲೇ, 1955ರಲ್ಲಿ, ಅವಿಭಾಜ್ಯ ಸಂಖ್ಯೆಗಳು ಅನಂತ ಅನ್ನೋದಕ್ಕೆ ಯಾರೂ ಯೋಚಿಸದ ಕಡೆಯಿಂದ ಒಂದು ಪುಟ್ಟ ಸಾಧನೆ ಪ್ರಕಟಿಸಿದರು. ಆ ದಿನಗಳ ಒಂದು ಗಾಳಿಮಾತು ಇದೆ. ಅವರ ಒಂದು ಪ್ರಬಂಧ ಓದಿದವರು, ಇಷ್ಟು ಬೇರೆ ಬೇರೆ ಕ್ಷೇತ್ರಗಳ ವಿಚಾರ ಒಬ್ಬನ ತಲೆಯಲ್ಲಿ ಇರೋಕೆ ಸಾಧ್ಯವಿಲ್ಲ, 'ಫರ್ಸ್ಟೆನ್‌ಬರ್ಗ್' ಅನ್ನೋದು ಯಾವುದೋ ಗುಂಪಿನ ಗುಪ್ತನಾಮ ಇರಬೇಕು ಅಂತ ಮಾತಾಡಿಕೊಂಡರಂತೆ. 1965ರಲ್ಲಿ ಅವರು ಜೆರುಸಲೇಮ್‌ನ ಹೀಬ್ರೂ ವಿಶ್ವವಿದ್ಯಾಲಯ ಸೇರಿದರು.

1977ರಲ್ಲಿ ಅವರ ಪ್ರಬಂಧ ಬಂತು. ಅವರ ಕಣ್ಣಿದ್ದದ್ದು ಬೇರೆ ಕಡೆ. ಹಂಗೆರಿಯ ಎಂಡ್ರೆ ಸೆಮೆರೆಡಿ 1975ರಲ್ಲಿ ಒಂದು ಭಾರಿ ಪ್ರಮೇಯ ಸಾಬೀತು ಮಾಡಿದ್ದರು. ರಾತ್ ಮೂರು ಸಂಖ್ಯೆಗೆ ತೋರಿಸಿದ್ದನ್ನ ಅವರು ಎಷ್ಟು ಸಂಖ್ಯೆಗೆ ಬೇಕಾದ್ರೂ ತೋರಿಸಿದ್ದರು. ಫರ್ಸ್ಟೆನ್‌ಬರ್ಗ್ ಅದನ್ನ ಭೌತಶಾಸ್ತ್ರದಿಂದ ಹುಟ್ಟಿದ ಗಣಿತದಿಂದ ಮತ್ತೆ ಸಾಬೀತು ಮಾಡಿದರು. ವರ್ಗಗಳ ಪ್ರಶ್ನೆಗೆ ಉತ್ತರವೂ ಅದೇ ಪ್ರಬಂಧದಲ್ಲಿ ಸಿಕ್ಕಿತು.

ಅದರ ಬೇರು 1890ರಲ್ಲಿದೆ. ಫ್ರಾನ್ಸ್‌ನ ಹೆನ್ರಿ ಪ್ವಾಂಕರೆ ಗ್ರಹಗಳ ಚಲನೆ ಅಭ್ಯಾಸ ಮಾಡುತ್ತಾ ಒಂದು ವಿಚಾರ ಕಂಡುಕೊಂಡರು: ಗೋಡೆಗಳೊಳಗೆ ಅಡಗಿರೋ, ಏನೂ ಸೋರಿಹೋಗದ ಒಂದು ವ್ಯವಸ್ಥೆ ಎಷ್ಟೇ ಸುತ್ತಾಡಲಿ, ಹೊರಟ ಜಾಗದ ಹತ್ತಿರಕ್ಕೆ ಒಂದಲ್ಲ ಒಂದು ದಿನ ಮರಳುತ್ತೆ. ಫರ್ಸ್ಟೆನ್‌ಬರ್ಗ್ ಮಾಡಿದ್ದು ಸಂಖ್ಯೆಗಳ ಪಟ್ಟಿಯನ್ನೇ ಅಂಥ ಒಂದು ವ್ಯವಸ್ಥೆಯಾಗಿ ಬದಲಾಯಿಸಿದ್ದು. ಆಗ 'ಪಟ್ಟಿಯಲ್ಲಿ 9 ಅಂತರದ ಎರಡು ಸಂಖ್ಯೆ ಇದೆಯಾ' ಅನ್ನೋ ಪ್ರಶ್ನೆ '9 ಗಳಿಗೆ ಆದ ಮೇಲೆ ಅದು ಮನೆಗೆ ಮರಳಿದೆಯಾ' ಅಂತ ಬದಲಾಗುತ್ತೆ.

ಒಬ್ಬ ಗೆಳೆಯ ಇದ್ದಾನೆ, ಸದಾ ಊರು ಸುತ್ತುತ್ತಾನೆ, ಆಗಾಗ ಮನೆಗೆ ಬರ್ತಾನೆ ಅಂದ್ಕೊಳ್ಳಿ. ನೀವು ಅವನ ಮನೆ ಬಾಗಿಲು ತಟ್ಟೋದು 1ನೇ, 4ನೇ, 9ನೇ, 16ನೇ, 25ನೇ ದಿನ ಮಾತ್ರ. ದಿನ ಕಳೆದ ಹಾಗೆ ನಿಮ್ಮ ಭೇಟಿಗಳ ನಡುವಿನ ಅಂತರ ಹೆಚ್ಚುತ್ತಾ ಹೋಗುತ್ತೆ. ಅವನು ಎಂದಾದ್ರೂ ಸಿಗ್ತಾನಾ? ಸಿಗ್ತಾನೆ ಅಂತ ಫರ್ಸ್ಟೆನ್‌ಬರ್ಗ್ ತೋರಿಸಿದರು. ಅದಕ್ಕೇ ಈ ಫಲಿತಾಂಶಕ್ಕೆ ಇವತ್ತು ಫರ್ಸ್ಟೆನ್‌ಬರ್ಗ್–ಶಾರ್ಕೋಜಿ ಪ್ರಮೇಯ ಅಂತ ಹೆಸರು. 2020ರ ಅಬೆಲ್ ಪ್ರಶಸ್ತಿ ಫರ್ಸ್ಟೆನ್‌ಬರ್ಗ್ ಅವರಿಗೆ ಬಂತು, ಗ್ರಿಗೊರಿ ಮಾರ್ಗುಲಿಸ್ ಜತೆ ಹಂಚಿಕೆಯಾಗಿ.

ಒಂದು ಸೇರಿಸಿದ್ರೆ ಎಲ್ಲಾ ತಲೆಕೆಳಗು

ಇಲ್ಲಿ ನಾನು ಈ ಸಂಚಿಕೆಗೆ ಓದುವಾಗ ಸ್ವಲ್ಪ ಹೊತ್ತು ನಿಂತುಬಿಟ್ಟ ಜಾಗ. ವರ್ಗಗಳಿಂದ ತಪ್ಪಿಸಿಕೊಳ್ಳೋಕಾಗಲ್ಲ, ಸರಿ. ವರ್ಗಕ್ಕೆ ಒಂದು ಕೂಡಿಸಿದ ಸಂಖ್ಯೆಗಳಿಂದ? ಅಂದ್ರೆ 2, 5, 10, 17, 26 ಇವುಗಳಿಂದ? ನನಗನ್ನಿಸಿದ್ದು, ಇದೂ ಅದೇ ಕಥೆ ಇರುತ್ತೆ ಬಿಡು ಅಂತ. ಒಂದು ತಾನೇ, ಎಷ್ಟು ವ್ಯತ್ಯಾಸ ಮಾಡೀತು?

ಪೂರ್ತಿ ವ್ಯತ್ಯಾಸ ಮಾಡುತ್ತೆ. ಮೂರರ ಮಗ್ಗಿ ತಗೊಳ್ಳಿ: 3, 6, 9, 12. ಇವುಗಳ ನಡುವಿನ ವ್ಯತ್ಯಾಸ ಯಾವಾಗಲೂ ಮೂರರಿಂದ ಭಾಗವಾಗುತ್ತೆ. ಆದ್ರೆ 2, 5, 10, 17, 26 ಇವುಗಳಲ್ಲಿ ಒಂದನ್ನಾದ್ರೂ ಮೂರರಿಂದ ಭಾಗಿಸಿ ನೋಡಿ, ಶೇಷ ಉಳಿದೇ ಉಳಿಯುತ್ತೆ. ಯಾಕಂದ್ರೆ ವರ್ಗ ಸಂಖ್ಯೆಯನ್ನ ಮೂರರಿಂದ ಭಾಗಿಸಿದ್ರೆ ಶೇಷ 0 ಅಥವಾ 1 ಮಾತ್ರ, ಒಂದು ಕೂಡಿಸಿದ್ರೆ 1 ಅಥವಾ 2. ಹಾಗಾಗಿ ಮೂರರ ಮಗ್ಗಿ, ಅಂದ್ರೆ ಮೂರರಲ್ಲಿ ಒಂದು ಪಾಲು, ಯಾವ ಕಷ್ಟವೂ ಇಲ್ಲದೆ ಕೊನೆವರೆಗೂ ತಪ್ಪಿಸಿಕೊಳ್ಳುತ್ತೆ. ನಮ್ಮ ಗೆಳೆಯ ಮೂರು ದಿನಕ್ಕೊಮ್ಮೆ ಮನೆಗೆ ಬರೋನಾದ್ರೆ ನೀವು ಬಾಗಿಲು ತಟ್ಟಿದಾಗೆಲ್ಲ ಬೀಗವೇ.

ಇನ್ನೂ ತಮಾಷೆ ನೋಡಿ. ಒಂದು ಕೂಡಿಸೋ ಬದಲು ಕಳೆದ್ರೆ? 3, 8, 15, 24, 35. ಇವುಗಳಿಂದ ಮತ್ತೆ ತಪ್ಪಿಸಿಕೊಳ್ಳೋಕಾಗಲ್ಲ! 1978ರಲ್ಲಿ ತೆತ್ಸುರೊ ಕಾಮೆ ಮತ್ತು ಮಿಷೆಲ್ ಮೆಂಡೆಸ್ ಫ್ರಾನ್ಸ್ ಇಂಥ ಸೂತ್ರಗಳಿಗೆಲ್ಲ ಒಂದೇ ಪರೀಕ್ಷೆ ಸಾಕು ಅಂತ ತೋರಿಸಿದರು. ನೀವು ಯಾವ ಮಗ್ಗಿ ಹೇಳಿದರೂ ಆ ಮಗ್ಗಿಯ ಒಂದು ಸಂಖ್ಯೆ ಸೂತ್ರದ ಪಟ್ಟಿಯಲ್ಲಿ ಸಿಗಬೇಕು. ಎಲ್ಲ ಮಗ್ಗಿಯಲ್ಲೂ ಸಿಕ್ಕಿದ್ರೆ ತಪ್ಪಿಸಿಕೊಳ್ಳೋಕಾಗಲ್ಲ. ಒಂದೇ ಒಂದು ಮಗ್ಗಿಯಲ್ಲಿ ಸಿಗದಿದ್ರೂ ಆ ಮಗ್ಗಿಯೇ ಓಡಿಹೋಗೋ ಕಿಂಡಿ. ವರ್ಗಕ್ಕೆ ಒಂದು ಕೂಡಿಸಿದ ಸಂಖ್ಯೆಗಳಿಗೆ ಮೂರರ ಮಗ್ಗಿ ಆ ಕಿಂಡಿ.

ಎರ್ಡಿಶ್ ಊಹೆ ತಪ್ಪಿದ್ದು

ಕಥೆ ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿತ್ತು, ಆದ್ರೆ ನಿಜವಾದ ಜಗಳ ಶುರುವಾಗೋದೇ ಈಗ. ಕೊನೆವರೆಗೂ ತಪ್ಪಿಸಿಕೊಳ್ಳೋಕಾಗಲ್ಲ ಅಂತ ಗೊತ್ತಾಯ್ತು. ಎಷ್ಟರ ಮಟ್ಟಿಗೆ ತಪ್ಪಿಸಿಕೊಳ್ಳಬಹುದು? ಒಂದು ದೊಡ್ಡ ಸಂಖ್ಯೆವರೆಗಿನ ಸಾಲಿನಲ್ಲಿ ಹೆಚ್ಚೆಂದರೆ ಎಷ್ಟು ಸಂಖ್ಯೆ ಉಳಿಸ್ಕೋಬಹುದು?

ಒಂದು ಸುಲಭ ದಾರಿ ಹತ್ತರ ಮಗ್ಗಿ: 0, 10, 20, ಹೀಗೆ 90ರವರೆಗೆ. ವ್ಯತ್ಯಾಸಗಳೆಲ್ಲ 10ರಿಂದ 90ರೊಳಗಿನ ಹತ್ತರ ಗುಣಕಗಳು, ಒಂದೂ ವರ್ಗವಲ್ಲ. ನೂರರೊಳಗೆ ಹತ್ತು ಸಿಕ್ಕವು. ನೂರರ ವರ್ಗಮೂಲ ಹತ್ತು. ಹೀಗೆ ವರ್ಗಮೂಲದಷ್ಟು ಸಂಖ್ಯೆ ಸಲೀಸಾಗಿ ಸಿಗುತ್ತೆ. ಹುಣಸೆಬೀಜದ ಪಟ್ಟಿಯಲ್ಲಿ 21 ಇತ್ತು, ಅದು ಇದಕ್ಕಿಂತ ಜಾಸ್ತಿ, ಇರಲಿ. ದೊಡ್ಡ ಸಂಖ್ಯೆಗಳಿಗೆ ಹೋದಾಗ ಹೆಚ್ಚೂಕಮ್ಮಿ ಈ ವರ್ಗಮೂಲವೇ ಮಿತಿ, ಅಲ್ಪಸ್ವಲ್ಪ ಮೇಲೆ ಕೆಳಗೆ ಅಂತ ಎರ್ಡಿಶ್ ಊಹಿಸಿದರು. ಊಹೆ ಮಾಡೋದರಲ್ಲಿ ಅವರಷ್ಟು ಪಳಗಿದ ಗಣಿತಜ್ಞರು ಕಡಿಮೆ. ಶಾರ್ಕೋಜಿಯೇ ಆ ಊಹೆ ತಪ್ಪು ಅಂತ ತೋರಿಸಿದರು, ತೋರಿಸಿ ಅದನ್ನ ಸ್ವಲ್ಪ ಸಡಿಲಿಸಿ ಹೊಸ ಊಹೆ ಮುಂದಿಟ್ಟರು. 1984ರಲ್ಲಿ ಹಂಗೆರಿಯವರೇ ಆದ ಇಮ್ರೆ ರೂಜಾ ಬಂದು ಆ ಹೊಸ ಊಹೆಯನ್ನೂ ಉರುಳಿಸಿದರು.

ರೂಜಾ ಉಪಾಯ ಕೇಳಿ, ಕೈಬೆರಳಲ್ಲಿ ಲೆಕ್ಕ ಹಾಕೋವಷ್ಟು ಸರಳ. ಅವರು 65ನ್ನ ಆರಿಸಿಕೊಂಡರು, ಐದು ಗುಣಿಸು ಹದಿಮೂರು. ಯಾವ ವರ್ಗ ಸಂಖ್ಯೆಯನ್ನಾದ್ರೂ 65ರಿಂದ ಭಾಗಿಸಿದ್ರೆ ಕೆಲವು ಶೇಷಗಳು ಮಾತ್ರ ಬರೋಕೆ ಸಾಧ್ಯ. 15 ಬರಲ್ಲ, 17 ಬರಲ್ಲ, 27 ಬರಲ್ಲ. ಈಗ ಈ ಏಳು ಸಂಖ್ಯೆ ನೋಡಿ: 0, 15, 21, 27, 42, 48, 59. ಇವುಗಳಲ್ಲಿ ಯಾವ ಎರಡರ ವ್ಯತ್ಯಾಸವೂ ಆ 'ವರ್ಗದ ಶೇಷ'ಗಳ ಪಟ್ಟಿಯಲ್ಲಿಲ್ಲ. 59ರಲ್ಲಿ 42 ಕಳೆದ್ರೆ 17, ಇಲ್ಲ. 42ರಲ್ಲಿ 27 ಕಳೆದ್ರೆ 15, ಇಲ್ಲ. 48ರಲ್ಲಿ 21 ಕಳೆದ್ರೆ 27, ಅದೂ ಇಲ್ಲ.

ಇನ್ನು 65ರ ವರ್ಗ, ಅಂದ್ರೆ 4,225ರ ಕೆಳಗಿನ ಸಂಖ್ಯೆಗಳಲ್ಲಿ, 65ರಿಂದ ಭಾಗಿಸಿದಾಗ ಈ ಏಳರಲ್ಲೊಂದು ಶೇಷ ಬರೋದನ್ನೆಲ್ಲ ಬಾಚಿಕೊಳ್ಳಿ. ಅಂಥವು 65 ಗುಣಿಸು 7, ಒಟ್ಟು 455. ಅವುಗಳಲ್ಲಿ ಎರಡನ್ನ ಕಳೆಯಿರಿ. ಶೇಷ ಬೇರೆ ಬೇರೆ ಇದ್ರೆ, ಈಗಷ್ಟೇ ನೋಡಿದ ಹಾಗೆ, ವರ್ಗ ಬರಲ್ಲ. ಶೇಷ ಒಂದೇ ಇದ್ರೆ ವ್ಯತ್ಯಾಸ 65ರ ಗುಣಕ. 65ರ ಗುಣಕವೊಂದು ವರ್ಗವಾಗಬೇಕಂದ್ರೆ ಕಡೇಪಕ್ಷ 4,225 ಆಗಿರಬೇಕು. ನಾವು ಅಲ್ಲಿಗೆ ಹೋಗಿಯೇ ಇಲ್ಲ! ವರ್ಗಮೂಲದ ಲೆಕ್ಕದಲ್ಲಿ 65 ಸಿಗಬೇಕಿತ್ತು, ರೂಜಾ ಲೆಕ್ಕದಲ್ಲಿ 455 ಸಿಕ್ಕವು.

ಇದೇ ತಂತ್ರವನ್ನ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಹಾಗೆ ಮುಂದುವರಿಸಿದ್ರೆ, ಸಾಲು ಉದ್ದವಾದಷ್ಟೂ ಲಾಭ ಹೆಚ್ಚುತ್ತೆ. ವರ್ಗಮೂಲ ಅಂದ್ರೆ ಘಾತ 0.5. ರೂಜಾ ಕಟ್ಟಿದ ಪಟ್ಟಿಯ ಘಾತ 0.733. ಅರ್ಥವಾಗೋ ಹಾಗೆ ಹೇಳ್ತೀನಿ. ಸಾಲಿನ ಕೊನೆಯ ಸಂಖ್ಯೆಗೆ 10,000 ಅಂಕಿಗಳಿವೆ ಅನ್ನಿ. ವರ್ಗಮೂಲದಷ್ಟೇ ಸಿಕ್ಕಿದ್ರೆ ನಮ್ಮ ಪಟ್ಟಿಯಲ್ಲಿ ಎಷ್ಟು ಸಂಖ್ಯೆಗಳಿವೆ ಅಂತ ಬರೆಯೋಕೆ 5,000 ಅಂಕಿ ಬೇಕು. ರೂಜಾ ಪಟ್ಟಿಗೆ ಸುಮಾರು 7,330 ಅಂಕಿ. ಮೂವತ್ತು ವರ್ಷ ಆದ ಮೇಲೆ, 2015ರಲ್ಲಿ, ಮಾರ್ಕ್ ಲ್ಯುಕೊ 65ರ ಬದಲು 205 ಇಟ್ಟು ಹನ್ನೆರಡು ಶೇಷ ಆರಿಸಿ 0.7334 ಮುಟ್ಟಿಸಿದರು. ಅಂದ್ರೆ 0.7330 ಹೋಗಿ 0.7334 ಆಯ್ತು, ಅಷ್ಟೇ!

ನೆಲ ಮತ್ತು ಚಾವಣಿ

ಇದು ನೆಲ, ಇಷ್ಟಂತೂ ಸಿಗುತ್ತೆ ಅನ್ನೋದು. ಚಾವಣಿ, ಅಂದ್ರೆ ಇದಕ್ಕಿಂತ ಜಾಸ್ತಿ ಸಿಗೋಕೆ ಸಾಧ್ಯವೇ ಇಲ್ಲ ಅನ್ನೋ ಮಿತಿ, ಎಲ್ಲಿದೆ?

ಫರ್ಸ್ಟೆನ್‌ಬರ್ಗ್ ದಾರಿ ಸೊಗಸಾದದ್ದು, ಆದ್ರೆ ಆ ದಾರಿಯಲ್ಲಿ ಚಾವಣಿಯ ಎತ್ತರ ಗೊತ್ತಾಗಲ್ಲ. ಗೆಳೆಯ ಮನೆಗೆ ಬರ್ತಾನೆ ಅಂತ ಹೇಳುತ್ತೆ, ಯಾವಾಗ ಅಂತ ಹೇಳಲ್ಲ. ಶಾರ್ಕೋಜಿ ದಾರಿಯಲ್ಲಿ ಎತ್ತರ ಸಿಗುತ್ತೆ, ಆದ್ರೆ ಅದು ತುಂಬಾ ಮೇಲಿತ್ತು. ಕೊನೆಯ ಸಂಖ್ಯೆಗೆ 1,000 ಅಂಕಿಗಳಿದ್ರೆ ಅದರ ಘನಮೂಲ ಹತ್ತು, ಹೆಚ್ಚೆಂದರೆ ಹತ್ತಕ್ಕೊಂದು ಪಾಲಿನ ಆಸುಪಾಸು, ಆ ಥರದ ಮಿತಿ ಅದು. 1988ರಲ್ಲಿ ಪಿಂಟ್ಸ್, ಸ್ಟೈಗರ್, ಸೆಮೆರೆಡಿ ಮೂವರೂ ಸೇರಿ ಅದನ್ನ ಒಂದಿಷ್ಟು ಕೆಳಗಿಳಿಸಿದರು. ಆಮೇಲೆ ಅದೇ ಉಪಾಯದ ಮೇಲೆ ಸಣ್ಣಪುಟ್ಟ ರಿಪೇರಿ ನಡೀತೇ ಹೊರತು ಹೊಸ ಉಪಾಯ ಬರಲು ಮೂರು ದಶಕ ಹಿಡೀತು. 2020ರಲ್ಲಿ ಥಾಮಸ್ ಬ್ಲೂಮ್ ಮತ್ತು ಜೇಮ್ಸ್ ಮೇನಾರ್ಡ್ ಇನ್ನೂ ಇಳಿಸಿದರು. 2024ರ ಕೊನೆಗೆ ಬೆನ್ ಗ್ರೀನ್ ಮತ್ತು ಮೆಹ್ತಾಬ್ ಸಾಹ್ನಿ ಒಂದು ದೊಡ್ಡ ಜಿಗಿತ ಜಿಗಿದರು.

ಆ ಜಿಗಿತ ಎಷ್ಟು ದೊಡ್ಡದು? ಮತ್ತೆ ನಮ್ಮ 10,000 ಅಂಕಿಗಳ ಸಂಖ್ಯೆಗೆ ಬನ್ನಿ. ಸೂಕ್ಷ್ಮಗಳನ್ನ ಪಕ್ಕಕ್ಕಿಟ್ಟು ಹೇಳೋದಾದ್ರೆ, 10,000ದ ವರ್ಗಮೂಲ 100. ಗ್ರೀನ್–ಸಾಹ್ನಿ ಮಿತಿ ಪಟ್ಟಿಯ ಗಾತ್ರದಿಂದ ನೂರರ ಲೆಕ್ಕದಲ್ಲಿ ಅಂಕಿಗಳನ್ನ ಕಳೆಯುತ್ತೆ. ಈ ಕ್ಷೇತ್ರದಲ್ಲಿ ಅದು ಭಾರಿ ಸಾಧನೆ. ಆದ್ರೂ ಚಾವಣಿ ಇನ್ನೂ 9,900 ಅಂಕಿಯ ಸುತ್ತಮುತ್ತ ಇದೆ, ನೆಲ 7,330ರ ಹತ್ತಿರ. ನಡುವೆ ಎರಡೂವರೆ ಸಾವಿರ ಅಂಕಿಗಳಷ್ಟು ಖಾಲಿ ಜಾಗ. ಸತ್ಯ ಅದರೊಳಗೆ ಎಲ್ಲಿದೆ ಅಂತ ಇವತ್ತಿಗೂ ಯಾರೂ ಸಾಬೀತು ಮಾಡಿಲ್ಲ.

ಈ ಖಾಲಿ ಜಾಗ ನನಗ್ಯಾಕೆ ಮುಖ್ಯ ಅನ್ನಿಸುತ್ತೆ ಅಂದ್ರೆ, ಇದು ಬರೀ ಲೆಕ್ಕದ ಬಾಕಿ ಅಲ್ಲ. ಚಾವಣಿ ಕಡೆಯವರು ಹೇಳೋದು, ಸಂಖ್ಯೆಗಳನ್ನ ಎಷ್ಟೇ ಜಾಣತನದಿಂದ ಆರಿಸಿ, ಶಿಸ್ತು ಬೇಗನೇ ನುಸುಳುತ್ತೆ ಅಂತ. ನೆಲದ ಕಡೆಯವರು ತೋರಿಸೋದು, ತಾಳಿ, ಸರಿಯಾದ ಶೇಷ ಹಿಡಿದ್ರೆ ಬಹಳ ದೂರ ಓಡಬಹುದು ಅಂತ. ಎರ್ಡಿಶ್ ಒಂದು ಕಡೆಗೆ ಊಹಿಸಿ ತಪ್ಪಿದರು. ಅವರ ಹತ್ತಿರದ ಗೆಳೆಯನೇ ಅದನ್ನ ತಿದ್ದಿದರು. ಆ ತಿದ್ದುಪಡಿಯನ್ನ ಇನ್ನೊಬ್ಬರು ತಿದ್ದಿದರು. ಹೀಗೆ ಊಹೆ ತಪ್ಪಿದ್ದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ, ಪ್ರಶ್ನೆ ಮಾತ್ರ ಬೆಳೀತಾ ಹೋಯ್ತು.

ಕೊನೆಗೆ ಒಂದು ಮಾತು. ಯಾರಾದ್ರೂ ನಿಮ್ಮ ಜತೆ ಹುಣಸೆಬೀಜದ ಆಟಕ್ಕೆ ಕೂತ್ರೆ, ನೆಲದ ಮೇಲೆ 34 ಬೀಜ ಇಟ್ಟು, ದೊಡ್ಡ ಮನಸ್ಸು ಮಾಡಿ, ಮೊದಲ ಸರದಿ ಅವರಿಗೇ ಕೊಡಿ. 34 ಯಾಕೆ ಅಂತ ನಿಮಗೀಗ ಗೊತ್ತು. ಗೆದ್ದ ಮೇಲೆ ಬೇಕಾದ್ರೆ ಈ ಸಂಚಿಕೆಯ ಲಿಂಕ್ ಕಳಿಸಿ, ಮೊದಲೇ ಕಳಿಸಬೇಡಿ. ಮತ್ತೆ ಸಿಗೋಣ, ನಮಸ್ಕಾರ.